ಅತ್ತೆ ಬೈಯದ ಬೇಸಿಗೆ

ನಮ್ಮ ಅತ್ತೆಯ ಬೈಗುಳಕ್ಕೆ ಸಿಗದ ವಸ್ತು ಆತಗೂರು ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ! ಇದೇನು, ಅತ್ತೆಯ ಮೇಲೆ ಸೊಸೆಯ ಮಾಮೂಲಿ ದೂರು ಎಂದುಕೊಂಡಿರಾ? ಅಲ್ಲ. ನನ್ನ ದೂರು ಬೇರೆಯೇ ಇದೆ. ಒಂದು ಬೇಸಿಗೆಯಲ್ಲಿ ಅವರು ನನ್ನನ್ನು ಬೈಯುವುದನ್ನೇ ನಿಲ್ಲಿಸಿಬಿಟ್ಟರು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಈ ಮನೆಯಲ್ಲಿ ನಾನು ಕಂಡಿಲ್ಲ.

ನಮ್ಮದು ಪುಟ್ಟ ಹೊಲ. ಒಂದಿಷ್ಟು ಬದನೆ, ಟೊಮೆಟೊ, ಮನೆಗಂಟಿದಂತೆ ಹೀರೆಯ ಚಪ್ಪರ, ಅದರ ನೆರಳಲ್ಲಿ ಒಂದು ಹಿಂಡು ನಾಟಿ ಕೋಳಿ. ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಅತ್ತೆ ತೋಟಕ್ಕೆ ಇಳಿಯುತ್ತಾರೆ. ಅವರಿಗಿಂತ ಮುಂಚೆ ಅವರ ಬಾಯಿ ಇಳಿದಿರುತ್ತದೆ. ಬದನೆ ಗಿಡದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, “ಸೋಂಬೇರಿ ಮುಂಡೇದೇ, ನೀರು ಕುಡಿಯಾಕೆ ಬತ್ತದೆ, ಕಾಯಿ ಬುಡಾಕೆ ಬರಾಕಿಲ್ವಾ?” ಎಂದು ಕೇಳುತ್ತಾರೆ. ಕರೆಂಟು ಹೋದರೆ ಹೋದದ್ದಕ್ಕೆ ಬೈಗುಳ, ಬಂದರೆ ತಡವಾಗಿ ಬಂದದ್ದಕ್ಕೆ ಬೈಗುಳ. ಮರಿ ಎತ್ತಿಕೊಂಡು ಹೋಗಲು ಬಂದ ಹದ್ದೊಂದಕ್ಕೆ ಎಂಥ ಮಂಗಳಾರತಿ ಎತ್ತಿದರೆಂದರೆ, ಅದು ಮದ್ದೂರಿನ ಕಡೆ ತಿರುಗಿ ಹೋದದ್ದು ಇವತ್ತಿಗೂ ವಾಪಸ್ ಬಂದಿಲ್ಲ!

ಮದುವೆಯಾದ ಹೊಸದರಲ್ಲಿ ನನ್ನ ಸರದಿಯೂ ಬಂತು. ನಾನು ತೊಳಸಿದ ರಾಗಿಮುದ್ದೆಯಲ್ಲಿ ಗಂಟು ಸಿಕ್ಕಿತ್ತು. “ಇದೇನು ಮುದ್ದೆಯೋ, ಗುಂಡುಕಲ್ಲೋ? ನಿಮ್ಮವ್ವ ನಿಂಗೆ ಏನೇ ಕಲ್ಸಿದ್ಲು?” ಎಂದರು. ನಾನು ಕೋಣೆಗೆ ಹೋಗಿ ಅತ್ತುಬಿಟ್ಟೆ. ನನ್ನ ಗಂಡ ಬಂದವರೇ ಸಮಾಧಾನ ಮಾಡುವ ಬದಲು ಹಲ್ಲು ಕಿರಿದರು.

“ಬೈದ್ಲಾ? ಅಂಗಾರೆ ನಮ್ಮವ್ವ ನಿನ್ನ ಒಪ್ಕಂಡ್ಲು ಬುಡು. ಬೈಯ್ದೆ ಇದ್ರೆ ಎದ್ರುಕೋ.”

ಇದರ ಅರ್ಥ ತಿಳಿದದ್ದು ಬದುವಿನ ವಿಷಯಕ್ಕೆ ನಮ್ಮ ಮೇಲೆ ಜಗಳ ಕಾಯ್ದಿದ್ದ ನೆಂಟರೊಬ್ಬರು ಮನೆಗೆ ಬಂದಾಗ. ಅತ್ತೆ ಚಾಪೆ ಹಾಸಿದರು. “ಬನ್ನಿ, ಕೂತ್ಕಳಿ. ಬಿಸ್ಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡೀರಿ” ಎಂದರು. ದನಿಯಲ್ಲಿ ಬೆಲ್ಲ! ಆ ಮನುಷ್ಯನ ಮುಖ ಬಿಳಿಚಿಕೊಂಡಿತು. ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಇಳಿದರು. ಅತ್ತೆ ಯಾರನ್ನು ಮನಸ್ಸಿನಿಂದ ತೆಗೆದುಹಾಕುತ್ತಾರೋ ಅವರಿಗೆ ಮಾತ್ರ ಮರ್ಯಾದೆ ಸಿಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು.

ಆ ಬೇಸಿಗೆಯಲ್ಲಿ ನಾನು ಐದು ತಿಂಗಳ ಬಸುರಿ. ಸೋಮನಹಳ್ಳಿ ಕಡೆಯ ಬಟ್ಟೆ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಗೆ ಹೋದರೂ ಮಗು ಉಳಿಯಲಿಲ್ಲ.

ಬಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಯಾರದೂ ತಪ್ಪಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಮನೆಗೆ ಬಂದ ದಿನ ನೋಡಲು ಬಂದ ಪಕ್ಕದ ಮನೆಯ ಅಜ್ಜಿ, “ಆ ಬಸ್ನಾಗೆ ನಿಂತ್ಕಂಡು ಓಗಿ ಓಗಿ ಕಳ್ಕಂಡ್ಲು ಕಣಮ್ಮ” ಎಂದು ನನಗೆ ಕೇಳುವಂತೆಯೇ ಹೇಳಿತು. ಅತ್ತೆ ಅಲ್ಲೇ ಇದ್ದರು. ಹದ್ದನ್ನು ಓಡಿಸಿದ ಅತ್ತೆ! ಅಜ್ಜಿಗೆ ಒಂದು ಮಾತೂ ಅನ್ನಲಿಲ್ಲ. ಒಳಗೆ ಬಂದು, “ಗಂಜಿ ಕುಡೀತೀಯೇನವ್ವ?” ಎಂದು ಮೆಲ್ಲಗೆ ಕೇಳಿದರು.

ಏನವ್ವ! ‘ಏನೇ’ ಹೋಗಿ ‘ಏನವ್ವ’ ಬಂದಿತ್ತು. ಬದುವಿನ ನೆಂಟರ ಸಾಲಿಗೆ ನಾನೂ ಸೇರಿದೆ ಎಂದುಕೊಂಡೆ. ಆಮೇಲಿನ ದಿನಗಳಲ್ಲಿ ನಾನು ತಟ್ಟೆ ಮುಟ್ಟದಿದ್ದರೂ ಬೈಯಲಿಲ್ಲ, ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿದರೂ ಬೈಯಲಿಲ್ಲ. ಡಾಕ್ಟರಮ್ಮನ ಮಾತು ನನಗೆ ಸಾಕಾಗಿರಲಿಲ್ಲ. ನನ್ನದು ತಪ್ಪಲ್ಲ ಎಂದು ಈ ಹೆಂಗಸು ಅನ್ನಬೇಕಿತ್ತು. ಅವರು ಅನ್ನಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಅದೇ ಹೊತ್ತಿಗೆ ನನ್ನ ಕಿಟಕಿಯ ಕೆಳಗೆ ಬೂದು ಬಣ್ಣದ ಕೋಳಿಯೊಂದು ಕಾವಿಗೆ ಕೂತಿತ್ತು. ಅತ್ತೆ ಮಂಕರಿಯಲ್ಲಿ ಮರಳು ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಟ್ಟು ಎಲ್ಲ ಶಾಸ್ತ್ರ ಮಾಡಿದ್ದರು. ಗುಡುಗೇನೋ ಬರಲಿಲ್ಲ. ಬಿಸಿಲು ಬಂತು. ಮಂಕರಿಯ ಮೇಲೆ ನೆರಳಿಗೆಂದು ಹಾಕಿದ್ದ ತಗಡಿನ ಕೆಳಗೆ ಮೊಟ್ಟೆಗಳೆಲ್ಲ ಕೆಟ್ಟವು. ಅತ್ತೆ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಎಲ್ಲವನ್ನೂ ತಿಪ್ಪೆಗೆ ಹಾಕಿ ಬಂದರು. ಕೋಳಿ ಮಾತ್ರ ಏಳಲಿಲ್ಲ. ಖಾಲಿ ಮರಳಿನ ಮೇಲೆ ರೆಕ್ಕೆ ಹರಡಿಕೊಂಡು ಕೂತೇ ಇತ್ತು.

ಹೀಗೆ ಹಟ ಹಿಡಿದ ಕೋಳಿಗೆ ಅತ್ತೆಯ ಬಳಿ ಒಂದೇ ಮದ್ದು. ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಎತ್ತುವುದು, ಅದಕ್ಕೂ ಬಗ್ಗದಿದ್ದರೆ ಮೂಗಿಗೆ ಒಂದು ಪುಕ್ಕ ಚುಚ್ಚುವುದು. ಕಾವು ಇಳಿದು ಕೋಳಿ ಮತ್ತೆ ಮೇಯಲು ಹೋಗುತ್ತದೆ. ಎಷ್ಟು ಕೋಳಿಗಳು ಅವರ ಕೈಯಲ್ಲಿ ಈ ಸ್ನಾನ ಮಾಡಿಸಿಕೊಂಡು, ಅವಮಾನದಿಂದ ಮೈ ಕೊಡವಿಕೊಂಡು ಹೋಗಿದ್ದವೋ! ಅದಕ್ಕೇ ನನ್ನ ಗಂಡ ತಾವೇ ಬಕೆಟ್ಟು ತಂದಿಟ್ಟರು.

“ಮುಳುಗ್ಸಿ ಬುಡಾನಾ, ಅವ್ವ?”

“ಮುಟ್ಟೀಯಾ ಅದ್ನ! ಕೈ ಮುರ್ದಾಕ್ತೀನಿ. ಕೂತ್ಕಳ್ಲಿ ಬುಡ್ಲಾ. ಅದುಕ್ಕೆ ಯಾವಾಗ ಏಳ್ಬೇಕು ಅನ್ನಿಸ್ತದೋ ಆಗ ಏಳ್ತದೆ.”

ಗಂಡ ಬಕೆಟ್ಟಿನ ನೀರನ್ನು ಟೊಮೆಟೊ ಗಿಡಕ್ಕೆ ಸುರಿದರು. ಅತ್ತೆ ಮಂಕರಿಯ ಮೇಲಿನ ತಗಡಿಗೆ ಒದ್ದೆ ಗೋಣಿಚೀಲ ಹೊದಿಸಿದರು. ಕರಟದಲ್ಲಿ ನೀರಿಟ್ಟರು, ಒಂದು ಹಿಡಿ ರಾಗಿ ಚೆಲ್ಲಿದರು. ಕೋಳಿ ತಿನ್ನಲಿಲ್ಲ. ಒಳಗೆ ನನ್ನ ತಟ್ಟೆಯೂ ಹಾಗೇ ಇತ್ತು. ಅತ್ತೆ ಎರಡನ್ನೂ ತೆಗೆದು, ಮಾರನೆಯ ದಿನ ಎರಡನ್ನೂ ಹೊಸದಾಗಿ ಇಡುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಬೈಗುಳ ಕೇಳಿಸಲಿಲ್ಲವಲ್ಲ ಎಂದು ಕಿಟಕಿಯತ್ತ ತಿರುಗಿದೆ. ಅತ್ತೆ ಮಂಕರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮೊರದಿಂದ ಕೋಳಿಗೆ ಗಾಳಿ ಹಾಕುತ್ತಿದ್ದರು. ಕೋಳಿಗೆ ಬೀಸಣಿಗೆ ಸೇವೆ! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಷ್ಟರಲ್ಲಿ ಅವರು ಮಾತಾಡತೊಡಗಿದರು.

“ನಿಂದೇನೂ ತಪ್ಪಿಲ್ಲ ಕಣೇ. ನೀನು ನೆಟ್ಟಗೇ ಕೂತಿದ್ದೆ, ನಾನು ನೋಡಿಲ್ವಾ? ಬಿಸ್ಲೇ ಅಂಗಿತ್ತು. ಯಾವಳೋ ಏನೋ ಅಂದ್ಲು ಅಂತ ಉಪ್ವಾಸ ಸಾಯ್ತೀಯಾ?”

ಕೋಳಿ ಕಣ್ಣು ಮುಚ್ಚಿ ತೆರೆಯಿತು.

“ನಂದೂ ಒಂದು ಇಂಗೇ ಓಗಿತ್ತು. ನಮ್ಮತ್ತೆ ವರ್ಸವೆಲ್ಲಾ ಅದುನ್ನೇ ಇಡ್ಕಂಡು ಬೈದ್ಲು. ಅದುಕ್ಕೇ ಕಣೇ ನಂಗೆ ಬಾಯೇ ಬತ್ತಾ ಇಲ್ಲ. ನಾನು ಬೇರೆ ಏನಕ್ಕಾದ್ರೂ ಬೈದ್ರೂ ನಿಂಗೆ ಇದುಕ್ಕೇ ಬೈದಂಗೆ ಕೇಳುಸ್ಬುಟ್ರೆ?”

ಕೋಳಿಗೆ ಅತ್ತೆ ಬೈದರೆಷ್ಟು, ಬಿಟ್ಟರೆಷ್ಟು! ಆ ಮಾತು ಯಾರಿಗೆ ಎಂದು ಗೊತ್ತಾಗಲು ನನಗೆ ಅರೆಗಳಿಗೆ ಬೇಕಾಯಿತು. ಆಸ್ಪತ್ರೆಯಲ್ಲಿ ಬಾರದ ಅಳು, ಅಜ್ಜಿಯ ಮಾತಿಗೂ ಬಾರದ ಅಳು, ಆಗ ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗದೆ ಸದ್ದಾಗಿಬಿಟ್ಟಿತು.

ಮೊರ ನಿಂತಿತು. ಅತ್ತೆ ಕಿಟಕಿಯತ್ತ ತಿರುಗಿದರು. ಅವರ ಕಣ್ಣೂ ಕೆಂಪಾಗಿತ್ತು.

“ಏನೇ, ಕದ್ದು ಕೇಳ್ತಾ ಇದ್ದೀಯಾ?” ದನಿ ಮೊದಲು ನಡುಗಿತು, ಆಮೇಲೆ ಏರಿತು. “ಸೋಂಬೇರಿ ಮುಂಡೇದೇ, ಅಲ್ಲಿ ಈರೆಕಾಯಿ ಬಲ್ತು ನಾರಾಯ್ತಾ ಅವೆ, ಕೀಳೋರು ಯಾರು, ನಿಮ್ಮಪ್ಪನಾ? ಎದ್ದು ಬಾ!”

ನಾನು ಎದ್ದೆ. ತಲೆ ಸುತ್ತಿತು, ಗೋಡೆ ಹಿಡಿದುಕೊಂಡೆ. ಮೂಲೆಯಲ್ಲಿದ್ದ ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ಕಾಲಿಟ್ಟೆ. ಮಂಕರಿಯಲ್ಲಿ ಕೋಳಿ ಇನ್ನೂ ಕೂತಿತ್ತು.

“ಬರಿಗಾಲಲ್ಲಿ ಎಲ್ಗೇ ಒಂಟೆ? ನೆಲ ಕಾದ ಎಂಚಿನಂಗದೆ, ಚಪ್ಲಿ ಮೆಟ್ಕಂಡು ಓಗೇ! ನಿಮ್ಮವ್ವ ನಿಂಗೆ ಏನೇ ಕಲ್ಸಿದ್ಲು?”

ಬಾಗಿಲಿಗೆ ಹಿಂದಿರುಗಿ ಚಪ್ಪಲಿಗೆ ಕಾಲು ಹಾಕಿದೆ. ಅತ್ತೆ ಇನ್ನೂ ಬೈಯುತ್ತಲೇ ಇದ್ದರು. ನಾನು ಬೇಕೆಂದೇ ನಿಧಾನವಾಗಿ ಮೆಟ್ಟಿಕೊಂಡೆ.