ಎಫ್ ಫೈವ್ ಒತ್ತಿದರೆ ತಾತ್ಯಾ

ಭಾನುವಾರದ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಮಗಳು ಹೇಳಿಕೊಟ್ಟದ್ದು ಇಷ್ಟೇ: "ಬಾಬಾ, ಲ್ಯಾಪ್‌ಟಾಪಲ್ಲಿ ಎಫ್ ಫೈವ್ ಒತ್ತಿ, ಚಿತ್ರಗಳು ಮೊದಲ್ನಿಂದ ಶುರುವಾಗುತ್ವೆ. ಆಮೇಲೆ ಎಂಟರ್ ಒತ್ತುತ್ತಾ ಹೋಗಿ." ಪೇಡ್ಣೇಕರರಿಗೆ ಅಷ್ಟು ಸಾಕಾಗಿತ್ತು. ಡೊಂಬಿವಲಿಯ ಪ್ರಾಜಕ್ತ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಇವತ್ತು ಅಧ್ಯಕ್ಷ ಮಹಾಡಿಕರ ಬಣ್ಣ ಬಯಲು ಮಾಡಿಯೇ ತೀರುತ್ತೇನೆಂದು ಅವರು ಪಣ ತೊಟ್ಟಿದ್ದರು.

ಸಿಟ್ಟಿಗೆ ಕಾರಣವಿತ್ತು. ಪೇಡ್ಣೇಕರರ ಮನೆ ಕೊನೆಯ ಮಹಡಿಯಲ್ಲಿ. ತಾರಸಿಯ ನೀರು ಸೋರಿ ನೇರ ಅವರ ಮಂಚಕ್ಕೇ ಬೀಳುತ್ತಿತ್ತು. ಮಳೆಗಾಲವಿಡೀ ಬಕೆಟ್ಟನ್ನು ಪಕ್ಕದಲ್ಲಿ ಮಲಗಿಸಿಕೊಂಡ ಮನುಷ್ಯ. ದುರಸ್ತಿ ನಿಧಿ ಕೊಳೆಯುತ್ತಾ ಬಿದ್ದಿದ್ದರೂ ಮಹಾಡಿಕರು "ನೋಡೋಣ" ಎನ್ನುವುದು ಬಿಟ್ಟು ಇನ್ನೊಂದು ಮಾತಾಡಿರಲಿಲ್ಲ.

ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿ, ಪರದೆಗೆಂದು ಬಿಳಿ ಚಾದರ ಕಟ್ಟಿದ್ದರು. ಪೇಡ್ಣೇಕರರು ಎಫ್ ಫೈವ್ ಒತ್ತಿದರು. ಸೊಸೈಟಿ ಕಟ್ಟಿಸಿದ ದಿವಂಗತ ತಾತ್ಯಾ ಕಾರ್ಖಾನೀಸರ ಹಾರ ಹಾಕಿದ ಫೋಟೊ ಮೂಡಿತು. ಸಭೆ ಅವರ ಶ್ರದ್ಧಾಂಜಲಿಯಿಂದಲೇ ಶುರುವಾಗುವುದು ಪದ್ಧತಿ. ಮುಂದಿನ ಸಾಲಿನಲ್ಲಿದ್ದ ತಾತ್ಯಾರ ಹೆಂಡತಿ, ಎಲ್ಲರ ಪಾಲಿನ ಕಾಕೂ, ಕೋಲೂರಿ ಎದ್ದರು. ಕಾಕೂ ಎದ್ದ ಮೇಲೆ ಕೂತಿರುವ ಧೈರ್ಯ ಯಾರಿಗಿದೆ? ಎಲ್ಲರೂ ಎದ್ದು ಮೌನ ಆಚರಿಸಿ ಕೂತರು.

ಪೇಡ್ಣೇಕರರು ಎಂಟರ್ ಒತ್ತಿದರು. 'ನನ್ನ ಮನೆಯ ದುರವಸ್ಥೆ' ಎಂಬ ತಲೆಬರಹ ಬಂತು. ಅಷ್ಟರಲ್ಲಿ ಮಹಾಡಿಕರು ಚಹಾ ಕೊಡುವ ನೆವದಲ್ಲಿ ಬಾಗಿ ತಟ್ಟೆಯನ್ನು ಕೀಬೋರ್ಡಿನ ಮೇಲೇ ಊರಿದರು. ಚಿತ್ರ ಮುಚ್ಚಿಹೋಯಿತು.

"ಅರೇ, ಗೊತ್ತಾಗ್ಲಿಲ್ಲ ಭಾವೂ." ಸೊಸೈಟಿಯಲ್ಲಿ ಪೇಡ್ಣೇಕರರು ಎಲ್ಲರಿಗೂ ಭಾವೂ, ಅಂದರೆ ಅಣ್ಣ.

"ಎಷ್ಟು ಸಲ ಮುಚ್ತೀರೋ ಮುಚ್ಚಿ. ನಾನೂ ನೋಡೇಬಿಡ್ತೀನಿ!"

ಎಫ್ ಫೈವ್. ತಾತ್ಯಾ ಪ್ರತ್ಯಕ್ಷ. ಕಾಕೂ ಎದ್ದರು, ಸಭೆಯೂ ಎದ್ದಿತು. ಕೂರುವಾಗ ಯಾರದೋ ಕುರ್ಚಿ ವೈರನ್ನು ಕಿತ್ತಿತು. ಸಿಕ್ಕಿಸಿ ಮತ್ತೆ ಎಫ್ ಫೈವ್. ಮತ್ತೆ ತಾತ್ಯಾ. ಹಿಂದಿನ ಸಾಲಿನಲ್ಲಿ ಮಂಡಿಗಳು ಲಟಲಟ ಅಂದವು.

ಕಾರ್ಯದರ್ಶಿ ಗುಪ್ತೆಗೆ ತಡೆಯಲಾಗಲಿಲ್ಲ. "ಭಾವೂ, ಶಿಫ್ಟ್ ಹಿಡ್ಕೊಂಡು ಎಫ್ ಫೈವ್ ಒತ್ರೀ. ಬಿಟ್ಟಲ್ಲಿಂದ್ಲೇ ಶುರುವಾಗುತ್ತೆ."

"ನೀವು ಮಹಾಡಿಕರ ಜೊತೆ ಕೇರಂ ಆಡೋರು! ನೀವು ಹೇಳಿದ ಗುಂಡಿ ನಾನು ಸತ್ರೂ ಒತ್ತಲ್ಲ!" ಎಂದು ಮೇಜು ಗುದ್ದುವ ಭರದಲ್ಲಿ ಪೇಡ್ಣೇಕರರ ಮೊಣಕೈಯೇ ಬಡಿದು ಚಿತ್ರ ಮತ್ತೆ ಮುಚ್ಚಿತು.

ಇತ್ತ ಕಾಕೂ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕುತ್ತಿದ್ದರು. "ಹೊಟ್ಟೇಲಿ ಹುಟ್ಟಿದ ಮಗನೂ ಇವರನ್ನ ಇಷ್ಟು ಸಲ ನೆನೆಸ್ಕೊಂಡಿಲ್ಲ."

ಮಹಾಡಿಕರ ಕಣ್ಣು ಮಿನುಗಿತು. "ಭಾವೂ ಭಕ್ತಿ ನೋಡಿ ನಂಗೇ ನಾಚಿಕೆ ಆಯ್ತು. ದುರಸ್ತಿ ನಿಧಿ ಸುಮ್ನೆ ಬಿದ್ದಿದೆ. ತಾರಸಿ ಮೇಲೆ ತಾತ್ಯಾ ಹೆಸರಲ್ಲಿ ಒಂದು ಹೂದೋಟ ಮಾಡೋಣ. ಒಪ್ಪಿಗೆ ಇರೋರು ಎದ್ದು ನಿಲ್ಲಿ."

ಪೇಡ್ಣೇಕರರು ಥಟ್ಟನೆ ತಲೆ ಎತ್ತಿದರು. ತೋಟವೆಂದರೆ ನೀರು, ಅದೂ ತಮ್ಮ ಮಂಚದ ನೆತ್ತಿಯ ಮೇಲೆ!

ಆದರೆ ಯಾರೂ ಏಳಲಿಲ್ಲ. ಕಾಕೂ ಇನ್ನೂ ಸೆರಗಿನೊಳಗೇ ಬಿಕ್ಕುತ್ತಿದ್ದರು; ಉಳಿದವರಿಗೆ ಎದ್ದೆದ್ದು ಸಾಕಾಗಿತ್ತು. ಮಹಾಡಿಕರು ಅತ್ತಿತ್ತ ನೋಡಿದರು. ಒಂದು ಕುರ್ಚಿಯೂ ಅಲುಗಲಿಲ್ಲ.

ಪೇಡ್ಣೇಕರರಿಗೆ ಆನೆ ಬಲ ಬಂತು. "ನೋಡಿದ್ರಾ ಸಾಹೇಬ್ರೇ! ಒಬ್ರೂ ಎದ್ದಿಲ್ಲ! ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ, ಇನ್ನು ಇಲ್ಲ. ಎಲ್ರೂ ನನ್ನ ಮಂಚ ನೋಡಿ!" ಎಂದು ಕೈ ಎತ್ತಿ ಎಫ್ ಫೈವ್ ಕುಟ್ಟಿದರು.

ಚಾದರದ ತುಂಬ ತಾತ್ಯಾ ಮುಗುಳ್ನಕ್ಕರು. ಕಾಕೂ ಕೋಲೂರಿ ಎದ್ದರು. ನರಳುತ್ತಾ ಇಡೀ ಸಭೆ ಎದ್ದು ನಿಂತಿತು.

"ಸರ್ವಾನುಮತದಿಂದ ಮಂಜೂರು!" ಎಂದು ಮಹಾಡಿಕರು ಕೂಗಿದರು.

ಕಾಕೂ ನಿಧಾನವಾಗಿ ಬಂದು ಪೇಡ್ಣೇಕರರ ಅಂಗೈಯಲ್ಲಿ, ತಾತ್ಯಾರ ಕಾಲದಿಂದ ತಮ್ಮಲ್ಲೇ ಇದ್ದ ತಾರಸಿಯ ಬೀಗದ ಕೈ ಇಟ್ಟರು. "ಬೆಳಿಗ್ಗೆ ಸಂಜೆ ನೀರು ನೀನೇ ಹಾಕ್ಬೇಕು ಮಗಾ. ಬೇರೆ ಯಾರ ಮೇಲೂ ನಂಗೆ ನಂಬಿಕೆ ಇಲ್ಲ."

"ಶಿಫ್ಟ್ ಒತ್ರೀ ಅಂದೆ," ಎಂದು ಗುಪ್ತೆ ಪಿಸುಗುಟ್ಟಿದರು.

"ಒತ್ತಲ್ಲ!" ಎಂದರು ಪೇಡ್ಣೇಕರರು.