ಮಾವನ ಯೂಸರುಗಳು

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಸ್ವಂತ ಬೀಗರನ್ನೇ ಬಸ್‌ಸ್ಟ್ಯಾಂಡಿನಲ್ಲಿ ‘ಸವದತ್ತಿ ಬಸ್ ಹೋತೇನ್ರಿ?’ ಎಂದು ಕೇಳಿ, ಉತ್ತರ ಪಡೆದು, ನಮಸ್ಕಾರ ಹೇಳಿ ಬಂದ ಮಹಾಶಯ! ಆದರೆ ನಂಬರು? ಒಂದನ್ನೂ ಮರೆತವನಲ್ಲ.

ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಅವನು ಕಂಪ್ಯೂಟರ್ ಮೇಷ್ಟ್ರು. ಲ್ಯಾಬಿಗೆಲ್ಲ ಒಂದೇ ಸರ್ವರು. ಅದರಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಅಕೌಂಟು, ಒಂದು ನಂಬರು. ಹೆಸರು ಕೊಟ್ಟರೆ ಆ ಅಕೌಂಟಿನ ವಿವರ ತಂದುಕೊಡುವ ಫಂಕ್ಷನ್ನು ಎಂಬ ಪ್ರೋಗ್ರಾಮಿನ ತುಣುಕು ಒಂದು, ನಂಬರು ಕೊಟ್ಟರೆ ತಂದುಕೊಡುವುದು ಇನ್ನೊಂದು. ಎರಡೂ ಸಿಸ್ಟಮ್ಮಿನ ಲೈಬ್ರರಿಯಲ್ಲಿ ಸಿದ್ಧವಾಗಿಯೇ ಇರುತ್ತವೆ. ಇವುಗಳ ಪಾಠ ಬಂತೆಂದರೆ ಮಾವನಿಗೆ ಊಟವೂ ಬೇಡ! ನಾನೂ ಅವನ ಕೈಯಲ್ಲೇ ಕಲಿತವಳು. ಪಟ್ಟಿಯಲ್ಲಿಲ್ಲದ ಹೆಸರೊಂದನ್ನು ಕೇಳಿ, ‘ಇಲ್ಲ’ ಎಂಬ ಉತ್ತರವನ್ನು ಗಮನಿಸದೆ ಮುಂದುವರಿದು, ನನ್ನ ಪ್ರೋಗ್ರಾಮು ಒಮ್ಮೆ ದಬಕ್ಕನೆ ಬಿತ್ತು. ಮಾವ ಗದರಿದ:

“ಯವ್ವಾ, ಮನ್ಯಾಗ ಯಾರೂ ಇಲ್ಲ ಅಂದಮ್ಯಾಲೂ ಒಳಗ ಹೊಕ್ಕು ಚಾ ಕೇಳ್ತೀಯೇನ? ಇಲ್ಲ ಅಂದ್ರ ಹೊರಗ ನಿಂದರಬೇಕು!”

ರಾಮದುರ್ಗದ ಮದುವೆಯೊಂದರಲ್ಲಿ ಮದುಮಗಳೇ ಅವನ ಹಳೆಯ ವಿದ್ಯಾರ್ಥಿನಿ. “ಸರ್, ಗುರ್ತ ಸಿಕ್ತೇನ್ರಿ?” ಎಂದಳು. ಮಾವ ಪಿಳಿಪಿಳಿ ಕಣ್ಣು ಬಿಟ್ಟ. “ಯೂಸರ್‌ನೇಮ್ ಹೇಳ ತಂಗಿ.” ಹೇಳಿದಳು. “ಹಾಂ! ಒಂದು ಸಾವಿರದ ನಲವತ್ತೇಳು!” ವರನ ಕಡೆಯ ಹಿರಿಯರೊಬ್ಬರು ನನ್ನ ಕಿವಿಯ ಹತ್ತಿರ ಬಂದು, “ಇವ್ರು ಜೇಲಿನ್ಯಾಗ ನೌಕರಿ ಮಾಡ್ತಾರೇನ್ರಿ?” ಎಂದು ವಿಚಾರಿಸಿದರು.

ವಾಪಸು ಬರುವಾಗ ಅತ್ತೆ ಕೇಳಿದಳು: “ಊರ ಮಂದಿಗೆಲ್ಲಾ ನಂಬರ್ ಐತಿ. ನಂದೆಷ್ಟ್ರಿ?”

“ನಿಂದಾ? ಸೊನ್ನಿ!”

ಇಡೀ ಸಿಸ್ಟಮ್ಮಿಗೆ ಯಜಮಾನನಾದ ಅಕೌಂಟಿನ ನಂಬರು ಸೊನ್ನೆ ಎಂಬುದು ನಿಜ. ಆದರೆ ಅದನ್ನು ಅತ್ತೆಗೆ ತಿಳಿಸುವವರು ಯಾರು? ಎರಡು ದಿನ ಮನೆಯಲ್ಲಿ ಮಾತಿಲ್ಲ. ಮುಚ್ಚಿದ ಅಡುಗೆಮನೆಯ ಬಾಗಿಲಿಗೆ ಮಾವ, “ಸೊನ್ನಿ ಅಂದ್ರ ಎಲ್ಲಾರಕಿಂತ ದೊಡ್ಡಾಕಿ ಅಂತ ಅರ್ಥ ಮಾರಾಯ್ತಿ!” ಎಂದು ಪಾಠ ಮಾಡಿದ್ದೇ ಮಾಡಿದ್ದು.

ಈ ವರ್ಷ ಯಾರೋ ಸರ್ವರ್ ಸ್ವಚ್ಛ ಮಾಡುತ್ತೇನೆಂದು ಹಳೆಯ ವಿದ್ಯಾರ್ಥಿಗಳ ಹೆಸರನ್ನೆಲ್ಲ ಪಟ್ಟಿಯಿಂದ ತೆಗೆದುಬಿಟ್ಟರು. ಫೈಲುಗಳು ಮಾತ್ರ ಉಳಿದವು, ಬರೀ ನಂಬರು ಹೊತ್ತುಕೊಂಡು. ಯಾರದೆಂದು ಕೇಳಿದರೆ ಫಂಕ್ಷನ್ನು ‘ಇಲ್ಲ’ ಎನ್ನುತ್ತಿತ್ತು. ವಾರದೊಳಗೆ ಅವನ್ನೂ ಅಳಿಸಬೇಕೆಂದು ಆದೇಶ ಬಂತು. ಮಾವ ನಂಬರು ನೋಡಿ ನೋಡಿ ಹೆಸರು ಹೇಳಿದ, ಒಬ್ಬೊಬ್ಬರಿಗೂ ಫೋನ್ ಹಚ್ಚಿದ.

“ಇನ್ನೂ ಅದಾವೇನ್ರಿ ಸರ್?” ಎಂದು ಕಿತ್ತೂರಿನವನೊಬ್ಬ ಹೌಹಾರಿದ. “ನಾ ಫೇಲಾದ ಪ್ರೋಗ್ರಾಮ್ರಿ ಅವು. ಕೈ ಮುಗಿತೇನಿ, ಅಳಿಸಿ ಬಿಡ್ರಿ!”

ಮುರಗೋಡದ ಫರೀದಾಳ ಫೋನನ್ನು ಅವಳ ತಂದೆ ಎತ್ತಿದರು. “ಆಕಿ ಇಲ್ರಿ ಸರ್. ಜ್ವರದಾಗ ಹೋಗಿ ಎರಡ ವರ್ಷ ಆತ್ರಿ.”

ಮಾವ ಅವಳ ನಂಬರಿನ ಫೈಲು ತೆರೆದು ನೋಡಿದ. ಆಮೇಲೆ, “ಆಕೀದೊಂದು ಫೈಲ್ ಐತ್ರಿ. ನಾನಽ ತರ್ತೇನಿ,” ಎಂದ.

ಭಾನುವಾರ ಪ್ರಿಂಟು ಹಿಡಿದುಕೊಂಡು ಹೋದೆವು. ಅದು ಹೆಸರು, ಪೂರ್ಣ ಹೆಸರು, ‘ಮನೆ’ ಎನ್ನುವ ಫೋಲ್ಡರು ಎಂದು ಸಾಲಾಗಿ ಬರುವ ಯೂಸರ್ ಪಟ್ಟಿಯ ಮಾದರಿಯಲ್ಲಿ ಅವಳು ಬರೆದ ಅಭ್ಯಾಸ. ವಿದ್ಯಾರ್ಥಿಗಳ ಬದಲು ಮನೆಯವರನ್ನೇ ಸೇರಿಸಿದ್ದಳು. ಮಾವ ಓದಿದ: ಅಬ್ಬಾ, ಮನೆ ಮುರಗೋಡ. ಅಮ್ಮಿ, ಮನೆ ಮುರಗೋಡ. ತಂಗಿ, ಅದೇ ಮನೆ. ಕೊನೆಗೆ, “ಗುಲಾಬಿ. ಪೂರ್ಣ ಹೆಸರು: ಕಿವಿ ಹರಿದ ಗುಲಾಬಿ. ಮನೆ: ಯಾರ ಹೊಲ ಸಿಕ್ಕರೆ ಅದು.”

“ಯಾ ಅಲ್ಲಾ, ಆಡಿನ ಹೆಸರೂ ಹಚ್ಯಾಳೇನ್ರಿ?” ಅವಳ ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ಇದ್ದರು, ಸೆರಗು ಕಣ್ಣಿಗೆ ಹೋಗುವ ತನಕ.

ಬಾಗಿಲಲ್ಲಿ ನಿಂತಿದ್ದ ತಂದೆ ಬಂದು ಮಾವನ ಮುಂದೆ ಕುಳಿತರು. “ಇನ್ನೊಮ್ಮೆ ಓದ್ರಿ ಸರ್. ಮೊದಲಿಂದ.”

ಮಾವ ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಓದಿದ. ಆ ಮಧ್ಯಾಹ್ನ ಅವನು ಅದನ್ನು ನಾಲ್ಕು ಸಲ ಓದಿದ.