ಮರೆತುಹೋದ ಮೂರನೆಯ ನುಡಿ

ಎಲ್ಲ ಬಗೆಯ ಹಾಡನ್ನೂ ಹಾಡುವವಳಿಗೆ ನಮ್ಮ ಅಮ್ಮ ಒಂದು ಮಾತು ಹೇಳುತ್ತಿದ್ದರು. ಸರ್ವ... ಸರ್ವಮಂಗಳೆ? ಅಲ್ಲ, ಅದು ನಮ್ಮ ಚಿಕ್ಕಮ್ಮನ ಹೆಸರು. ಸರ್ವರಂಗ? ಅದೂ ಅಲ್ಲ. ನಾಲಗೆಯ ತುದಿಯಲ್ಲೇ ಉಂಟು, ಹೊರಗೆ ಬರುವುದಿಲ್ಲ. ಇರಲಿ. ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ ನನ್ನನ್ನು ಆಲ್‌ರೌಂಡರ್ ಅಜ್ಜಿ ಎನ್ನುತ್ತಾರೆ. ತೊಟ್ಟಿಲಿಗೆ ಜೋಗುಳ, ಮದುವೆಗೆ ಶೋಭಾನೆ, ಶನಿವಾರ ಭಜನೆ, ಗಣಪತಿ ಬಂದರೆ ಮರಾಠಿ ಆರತಿ. ಹಾರ್ಮೋನಿಯಂ ಹೊತ್ತು ಐವತ್ತು ವರ್ಷ ಠಾಣೆ, ಕಲ್ಯಾಣ ಎಂದು ಊರೂರು ತಿರುಗಿದವಳಿಗೆ ನಗೆಪಾಟಲಿನ ಪ್ರಸಂಗಗಳು ಬೇಡವೆಂದರೂ ಬೆನ್ನು ಬಿಡುವುದಿಲ್ಲ.

ಮಾತು ಮರೆತರೆ ನಡೆದೀತು, ಹಾಡು ಮರೆತರೆ ಕಷ್ಟ. ಇನ್ನು ಹನ್ನೆರಡು ದಿನಕ್ಕೆ ಮೊಮ್ಮಗಳ ಮದುವೆ. ನನ್ನನ್ನು ಗಂಡನ ಮನೆಗೆ ಒಪ್ಪಿಸುವಾಗ ಅಮ್ಮ ಹಾಡಿದ ಹಾಡನ್ನೇ ನಾನೂ ಹಾಡಬೇಕೆಂದು ಆಸೆ. ಐದು ನುಡಿಗಳ ಹಾಡು. ಅದರಲ್ಲಿ ಮೂರನೆಯದು ಮರೆತೇಹೋಗಿದೆ. ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ಅಯ್ಯೋ ಮಾರಾಯ್ತಿ, ನನಗೂ ಮೂರನೆಯದೇ ಮರೆತದ್ದು. ನಿನ್ನನ್ನು ಕೇಳುವ ಅಂತ ನಾನೇ ಫೋನ್ ಮಾಡುವವಳಿದ್ದೆ" ಅಂದಳು.

ಆ ನುಡಿಯನ್ನು ಹುಡುಕುತ್ತಾ ಕೂತರೆ ನೆನಪಿಗೆ ಬರುವುದು ಬರೀ ಇಂಥವು.

ಅವರಿಗೆ ಇಷ್ಟವಾದದ್ದು

ಒಂದೇ ದಿನ ಎರಡು ಕಡೆ ಕರೆ. ಬೆಳಿಗ್ಗೆ ಠಾಣೆಯಲ್ಲಿ, ಹೊಟೇಲು ನಡೆಸುತ್ತಿದ್ದ ಹಿರಿಯರೊಬ್ಬರ ಹದಿಮೂರನೆಯ ದಿನದ ಭಜನೆ. ಸಂಜೆ ಕಲ್ಯಾಣದಲ್ಲಿ ಮಗುವಿನ ನಾಮಕರಣ. ಜೋಗುಳ ಹಾಡದೆ ಬಹಳ ದಿನವಾಗಿತ್ತು, ಹಾಗಾಗಿ ಠಾಣೆಗೆ ಹೋಗುವಾಗ ರೈಲುಗಾಡಿಯಲ್ಲಿ ಅದನ್ನೇ ಗುನುಗುತ್ತಾ ಹೋದೆ.

ಹಾರ ಹಾಕಿದ ಫೋಟೋದ ಮುಂದೆ ಕೂತು, ಕಣ್ಣು ಮುಚ್ಚಿ, ಶ್ರುತಿ ಹಿಡಿದು ಬಾಯಿ ತೆರೆದೆ. ಹೊರಟದ್ದು ಜೋಗುಳ! ಎರಡು ಸಾಲು ಆಗುವಷ್ಟರಲ್ಲಿ ತಾಳ ಹಾಕುವವರ ಕೈ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಥಟ್ಟನೆ ಹಾಡು ನಿಲ್ಲಿಸಿದೆ.

ತೀರಿಹೋದವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಲ್ಲಿಸಬೇಡಿ ಅಕ್ಕಾ, ಅದೇ ಇರಲಿ. ಅವರಿಗೆ ಭಜನೆಗಿಂತ ನಿದ್ದೆಯೇ ಇಷ್ಟ" ಅಂದರು.

ನಾನೂರು ವರ್ಷದ ಮಟ್ಟು

ನವಿ ಮುಂಬಯಿಯ ಕಾಲೇಜಿನ ಹುಡುಗಿಯೊಬ್ಬಳು ಹಳೆಯ ದೇವರನಾಮಗಳ ಮೂಲ ಮಟ್ಟುಗಳನ್ನು ಹುಡುಕಿಕೊಂಡು ಮನೆಗೆ ಬಂದಳು. ನಾನು ಈ ಕಡೆಗೆ ಬಂದ ಹೊಸತರಲ್ಲಿ ಭಜನಾ ಮಂಡಳಿಯ ಗುರುಗಳು ಕಲಿಸಿದ್ದ ಒಂದನ್ನು ಹಾಡಿದೆ. ಹುಡುಗಿಯ ಕಣ್ಣಲ್ಲಿ ನೀರು.

"ಅಜ್ಜಿ, ಈ ಮಟ್ಟಿಗೆ ನಾನೂರು ವರ್ಷವಾದರೂ ಆಗಿರಬೇಕು!"

ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಲೂ ಇಲ್ಲ. "ಅದು ನಾವು ಮದುವೆಯಾದ ವರ್ಷ ನೋಡಿದ ಹಿಂದಿ ಸಿನಿಮಾದ್ದಲ್ಲವಾ? ಹೀರೋ ಸೈಕಲ್ ಬಿಡುತ್ತಾ ಹಾಡ್ತಾನಲ್ಲ?"

ನನಗೆ ಭೂಮಿಯೇ ಬಾಯಿಬಿಡಬಾರದೇ ಅನ್ನಿಸಿತು. ಹುಡುಗಿ ಮಾತ್ರ ಬರೆದುಕೊಳ್ಳುವುದನ್ನು ಬಿಡದೆ, "ಸಿನಿಮಾದವರು ನಿಮ್ಮ ಗುರುಗಳಿಂದ ಕದ್ದಿರಬಹುದು ಅಜ್ಜಿ" ಅಂದಳು.

ಆಕೆಗೆ ಈಗ ಡಾಕ್ಟರೇಟ್ ಬಂದಿದೆ.

ಮಂಗಳ

ಡೊಂಬಿವಲಿಯಿಂದ ಹೊರಡುವ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಮ್ಮದೊಂದು ಭಜನೆಯ ಗುಂಪಿತ್ತು. ಎಲ್ಲರೂ ಠಾಣೆಯಲ್ಲಿ ಇಳಿದು ಆಫೀಸಿಗೆ ಹೋಗುವವರು. ನಾನು ಅಲ್ಲಿನ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದೆ. ಭಜನೆ ಶುರು ಮಾಡಿದ ಮೇಲೆ ಮಂಗಳ ಹಾಡದೆ ಏಳಬಾರದು, ಅದು ನನ್ನ ಕಟ್ಟುನಿಟ್ಟು. ಒಂದು ದಿನ ಮಂಗಳದ ನಡುವೆ ಠಾಣೆ ಬಂತು. ಯಾರಿಗೂ ಏಳುವ ಧೈರ್ಯವಿಲ್ಲ. ಮಂಗಳ ಮುಗಿಯುವಾಗ ಏಳು ಜನರೂ ಘಾಟ್ಕೋಪರ್ ತಲುಪಿದ್ದೆವು.

"ಬಾಸ್‌ಗೆ ಏನು ಹೇಳಲಿ ಅಕ್ಕಾ?" ಒಬ್ಬಳು ಅಳುಮುಖ ಮಾಡಿದಳು.

"ದೇವರು ಬಿಡಲಿಲ್ಲ ಅಂತ ಹೇಳು."

ಮರುದಿನದಿಂದ ನಮ್ಮಲ್ಲಿ ಎರಡು ಮಂಗಳ. ಮನೆಯಲ್ಲಿ ಸ್ಲೋ, ಗಾಡಿಯಲ್ಲಿ ಫಾಸ್ಟ್.

ಅಜ್ಜಿಯ ಅಜ್ಜಿಯ ಕಾಲದ್ದು

ಆ ಮೂರನೆಯ ನುಡಿ ನನಗೆ ಮೊದಲ ಸಲ ಕೈಕೊಟ್ಟದ್ದು ಕಲ್ಯಾಣದ ಒಂದು ಮದುವೆಯಲ್ಲಿ, ಸುಮಾರು ಹತ್ತು ವರ್ಷದ ಹಿಂದೆ. ಹೆಣ್ಣೊಪ್ಪಿಸುವ ಹಾಡನ್ನು ನಡುವೆ ನಿಲ್ಲಿಸಿದರೆ ಅಪಶಕುನ. ಎರಡು ನುಡಿ ಮುಗಿಯಿತು, ಮೂರನೆಯದು ಮಾಯ. ಮದುಮಗಳು ಅಳುತ್ತಾ ನಿಂತಿದ್ದಾಳೆ, ಹೆಂಗಸರೆಲ್ಲ ನನ್ನ ಬಾಯಿ ನೋಡುತ್ತಿದ್ದಾರೆ. ಏನು ಮಾಡುವುದು? ಲೇಡೀಸ್ ಡಬ್ಬಿಯಲ್ಲಿ ದಿನವೂ ಬೈಸಿಕೊಂಡ ಮಾತನ್ನೇ ರಾಗಕ್ಕೆ ಕೂರಿಸಿಬಿಟ್ಟೆ.

"ಬಾಗಿಲಲಿ ನಿಲಬೇಡ ಮಗಳೆ, ಒಳಗೆ ಸರಿದು ನಿಲ್ಲಮ್ಮ,
ಇಂದು ನಿಂತವಳಿಗೆ ನಾಳೆ ಕೂರಲು ಜಾಗ ಸಿಗುವುದಮ್ಮ."

ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ನಾನು ಅಲ್ಲಿಗೇ ಮರೆತೆ.

ಕಳೆದ ಭಾನುವಾರ ಮದುವೆಯ ಮಾತಿಗೆಂದು ನೆರೂಳಿಗೆ, ಗಂಡಿನ ಮನೆಗೆ ಹೋದೆವು. ಮೂರು ಕೋಣೆಯಲ್ಲಿ ಹನ್ನೊಂದು ಜನ. ಬರೀ ಅಪ್ಪ ಅಮ್ಮನ ಜೊತೆ ಬೆಳೆದ ಮೊಮ್ಮಗಳಿಗೆ ಅಲ್ಲಿ ತನಗೆ ಜಾಗವೆಲ್ಲಿ ಎಂಬುದೇ ದಿಗಿಲು. "ಉಧರ್ ಮೇರೇಕೋ ಜಾಗಾ ಕಹಾಂ ಹೈ ಅಜ್ಜಿ?" ಎಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಆ ದಿನವೂ ಒಳಗೆ ಬಾರದೆ ಹೊಸ್ತಿಲ ಹತ್ತಿರವೇ ನಿಂತಿದ್ದಳು.

ಗಂಡಿನ ಅಜ್ಜಿ, ನನಗಿಂತ ಎರಡು ವರ್ಷ ದೊಡ್ಡವರು, "ಹೆಣ್ಣೊಪ್ಪಿಸುವ ಹಾಡು ಒಮ್ಮೆ ಹೇಳಿ, ಕೇಳುವ" ಅಂದರು. ಹೇಳಿದೆ. ಎರಡು ನುಡಿ ಆಗಿ ನಿಂತೆ.

"ಮರೆತಿರಾ? ಪಾಪ, ಪ್ರಾಯ ಆಯಿತಲ್ಲ. ನಾನು ಹೇಳಿಕೊಡುತ್ತೇನೆ. ಇದು ನಮ್ಮ ಅಜ್ಜಿಯ ಅಜ್ಜಿಯ ಕಾಲದಿಂದ ಬಂದದ್ದು."

ಕಣ್ಣು ಮುಚ್ಚಿ ಹಾಡಿದರು: "ಬಾಗಿಲಲಿ ನಿಲಬೇಡ ಮಗಳೆ..."

ನಾನು ಕೆಮ್ಮಿದೆ. ಕಲ್ಯಾಣದ ಆ ಮದುವೆಗೂ ಬಂದಿದ್ದ ನಮ್ಮ ಯಜಮಾನರು ಹೇಳಿಬಿಡಲು ಬಾಯಿ ತೆರೆದರು. ಬಾಯಿಗೊಂದು ಲಾಡು ತುರುಕಿದೆ. ಮೆಲ್ಲಗೆ ನಾನೂ ದನಿಗೂಡಿಸಿದರೆ ಆ ಅಜ್ಜಿ ಕೈಯೆತ್ತಿ ತಡೆದರು.

"ಹಾಗೆ ಕತ್ತರಿಸಬಾರದು. 'ಸಿಗುವುದಮ್ಮಾ' ಅಂತ ಎಳೆಯಬೇಕು. ಹಳೆಯ ಹಾಡು ನೋಡಿ, ನಮ್ಮ ಇಷ್ಟಕ್ಕೆ ಬದಲಾಯಿಸುವ ಹಾಗಿಲ್ಲ."

"ಹೌದು, ತಪ್ಪಾಯಿತು" ಅಂದೆ. ನಾನೇ ಕಟ್ಟಿದ್ದನ್ನು ಮೂರು ಸಲ ಹೇಳಿಸಿ, ತಿದ್ದಿ, ಕಲಿಸಿದರು.

ಹಾಡಿ ಮುಗಿಸಿದವರು ಹೊಸ್ತಿಲ ಕಡೆ ನೋಡಿದರು. ಸೋಫಾದ ಮೇಲೆ ಆ ಕಡೆಗೆ ಸರಿದು, ಪಕ್ಕದಲ್ಲಿ ಕೈಯಿಂದ ತಟ್ಟಿ, "ಬಾ ಮಗಾ, ಅಲ್ಲೇಕೆ ನಿಂತೆ? ಇಲ್ಲಿ ಜಾಗ ಉಂಟು" ಅಂದರು. ಮೊಮ್ಮಗಳು ಹೋಗಿ ಕೂತಳು. ಎರಡು ಲಾಡು ತಿಂದಳು.

ಬರುವಾಗ ಗಾಡಿಯಲ್ಲಿ, ಆ ಮೂರನೆಯ ನುಡಿ ಯಾರದ್ದೆಂದು ಕೇಳಿದಳು, "ಅಜ್ಜಿ, ವೋ ಥರ್ಡ್ ವಾಲಾ ಕಿಸಕಾ ಹೈ?" "ಆಮೇಲೆ ಹೇಳುತ್ತೇನೆ" ಅಂದೆ. ಇವತ್ತು ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಿದ್ದೇನೆ. ಪುಸ್ತಕ ತೆರೆ ಮಗಾ. ಕನ್ನಡ ಅಕ್ಷರ ಬಾರದಿದ್ದರೆ ಮರಾಠಿ ಅಕ್ಷರದಲ್ಲೇ ಇರಲಿ, ಐದೂ ನುಡಿ ಬರೆದುಕೋ. ಮೂರನೆಯದರ ಮುಂದೆ ಮಾತ್ರ ಗಂಡಿನ ಅಜ್ಜಿಯ ಹೆಸರು ಬರೆ.